ಸಯಾಮಿಯೋ ಗುರ್ಜಿಯೋ

ಹೆಬಳೆಯ ಬೀರನ ಚಾದಂಗಡಿಯಲ್ಲಿ ಕೊಂಕಣಿ ಕಷ್ಟವೋ ನವಾಯತಿ ಕಷ್ಟವೋ ಎಂಬ ಜಗಳ ಎದ್ದ ದಿನ, ದುರ್ಗ ತನ್ನ ಪಾಡಿಗೆ ತಾನು ಬನ್ಸು ತಿಂದು ಎದ್ದು ಬಂದಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ. ದೇವರು ಮನುಷ್ಯನಿಗೆ ಕಿವಿ ಎರಡು ಕೊಟ್ಟು ಬಾಯಿ ಒಂದೇ ಕೊಟ್ಟದ್ದು ಏತಕ್ಕೆ ಎಂದು ಅವನು ಯಾವತ್ತೂ ವಿಚಾರ ಮಾಡಿದವನಲ್ಲ. ಕೈಯಲ್ಲಿದ್ದ ಬನ್ಸನ್ನು ಬಸಿಗೆ ಹಾಕಿ ಬಾಯಿ ತೆರೆದುಬಿಟ್ಟ.

"ನಿಮ್ಮ ಕೊಂಕಣಿ, ನವಾಯತಿ ಎಲ್ಲ ಎಂತಾ ಕಷ್ಟ ಮಾರಾಯ್ರೆ? ಕಷ್ಟ ಅಂದ್ರೆ ಸಯಾಮಿ. ಕಷ್ಟ ಅಂದ್ರೆ ಗುರ್ಜಿ. ಆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳ್ಬೇಕು. ಆಗ ಗೊತ್ತಾಗ್ತದೆ ಭಾಷೆ ಅಂದ್ರೆ ಎಂತದು ಅಂತ."

ದುರ್ಗ ಹರೆಯದಲ್ಲಿ ಮುಂಬಯಿಗೆ ಹೋಗಿ ಹಡಗು ಹತ್ತಿದ್ದು ಊರಿಗೆಲ್ಲ ಗೊತ್ತಿತ್ತು. ಆ ಹಡಗು ಅಕ್ಕಿ ತರಲು ಸಯಾಮು ದೇಶದ ಬ್ಯಾಂಕಾಕಿಗೆ ಹೋಗಿತ್ತು. ಅಲ್ಲಿಂದ ಸುತ್ತಿ ಬಳಸಿ ಕಪ್ಪು ಸಮುದ್ರದ ಬಾತೂಮಿ ಎಂಬ ಬಂದರಕ್ಕೂ ಹೋಗಿತ್ತು. ಸಯಾಮು ದೇಶಕ್ಕೆ ಈಗ ಥಾಯ್ಲೆಂಡ್ ಎನ್ನುತ್ತಾರೆ, ಭಾಷೆಗೆ ಥಾಯಿ. ಬಾತೂಮಿ ಇರುವುದು ಆಗ ರಷ್ಯದವರ ಕೈಕೆಳಗಿದ್ದ ಜಾರ್ಜಿಯಾದಲ್ಲಿ. ಅಲ್ಲಿಯ ಭಾಷೆಗೆ ಹಡಗಿನ ಮುಸಲ್ಮಾನ ಖಲಾಶಿಗಳು ಗುರ್ಜಿ ಎನ್ನುತ್ತಿದ್ದರು. ದುರ್ಗನೂ ಹಾಗೆಯೇ ಅಂದ.

"ಸಯಾಮಿ ಅಂದ್ರೆ ತೊಟ್ಲು ತೂಗಿದ ಹಂಗೆ," ಎಂದು ಅವನು ವಿವರಿಸಿದ. "ಶಬ್ದ ಒಂದೇ. ಮಾ. ನೆಟ್ಟಗೆ ಹೇಳಿದ್ರೆ 'ಬಾ' ಅಂತ. ಸ್ವರ ಮೇಲೆತ್ತಿದ್ರೆ ಕುದುರೆ. ಕೆಳಗಿಳ್ಸಿ ಮತ್ತೆ ಎತ್ತಿದ್ರೆ ನಾಯಿ! ಬಾ ಅಂತ ಕರೆಯೂಕೆ ಹೋಗಿ ರಾಗ ತಪ್ಪಿದ್ರೆ ಬೀಗತನವೇ ಹೋತು."

"ಅಬ್ಬಾ! ಮತ್ತೆ ಗುರ್ಜಿ?" ಎಂದ ಬೀರ, ಚಾ ಸೋಸುವುದನ್ನು ಬಿಟ್ಟು.

"ಅದ್ರಲ್ಲಿ ರಾಗ ಇಲ್ಲ, ಬರೀ ಕಲ್ಲು. ಭಟ್ಕಳದ ಬಸ್ಸಿನಲ್ಲಿ ಜನ ನಿಲ್ತಾರಲ್ಲ, ಹಂಗೆ ಅಕ್ಷರ ಒಂದರ ಬೆನ್ನಿಗೆ ಒಂದು ಅಂಟಿ ನಿಂತಿರ್ತವೆ. ನಡುವೆ ಉಸ್ರು ಬಿಡೂಕೆ ಜಾಗ ಇಲ್ಲ. ಸಯಾಮಿ ಮಾತಾಡ್ಲಿಕ್ಕೆ ಕಿವಿ ಬೇಕು, ಗುರ್ಜಿ ಮಾತಾಡ್ಲಿಕ್ಕೆ ಗಂಟ್ಲು ಬೇಕು."

ಹೀಗೆ ಹೇಳಿ ಎರಡರಲ್ಲೂ ಒಂದೊಂದು ಮಾತು ಆಡಿ ತೋರಿಸಿದ. ಅವತ್ತಿನಿಂದ ಊರು ಎರಡಾಯಿತು. ಸಯಾಮಿಯೇ ದೊಡ್ಡದು ಎನ್ನುವವರು ಒಂದು ಬೆಂಚಿಗೆ, ಗುರ್ಜಿಯೇ ದೊಡ್ಡದು ಎನ್ನುವವರು ಇನ್ನೊಂದು ಬೆಂಚಿಗೆ. ಸಯಾಮನ್ನಾಗಲಿ ಬಾತೂಮಿಯನ್ನಾಗಲಿ ಕನಸಿನಲ್ಲಿಯೂ ಕಾಣದವರು ಕುತ್ತಿಗೆಯ ನರ ಉಬ್ಬಿಸಿ ವಾದ ಮಾಡಿದರು. ಬೀರ ಗುರ್ಜಿ ಪಕ್ಷದ ಮುಖಂಡನಾದ. ಇಷ್ಟರ ನಡುವೆ ದುರ್ಗ ಒಂದು ನಿಜವನ್ನೂ ಹೇಳಿದ್ದ: ಗುರ್ಜಿಯವರು ಅಪ್ಪನಿಗೆ 'ಮಾಮ' ಎನ್ನುತ್ತಾರೆ ಎಂದು. ಉಳಿದ ಎಲ್ಲವನ್ನೂ ನಂಬಿದ ಜನ ಅದೊಂದನ್ನು ಮಾತ್ರ ನಂಬಲಿಲ್ಲ. "ಸುಳ್ಳಿಗೂ ಒಂದು ಮಿತಿ ಬೇಕು ಮಾರಾಯಾ" ಎಂದು ನಕ್ಕರು.

ನಿಜಸಂಗತಿ ಹೀಗಿತ್ತು. ದುರ್ಗ ಆ ಹಡಗಿನ ಅಡಿಗೆಮನೆಯಲ್ಲಿ ಈರುಳ್ಳಿ ಸುಲಿಯುವ ಕೈಯಾಳು. ಬ್ಯಾಂಕಾಕಿನಲ್ಲಿ ಜ್ವರ ಬಂದು ಮಲಗಿದ್ದ. ಬಾತೂಮಿಯಲ್ಲಿ ಚಳಿಗೆ ಹೆದರಿ ಇದ್ದ ಬಟ್ಟೆಯನ್ನೆಲ್ಲ ಹೊದ್ದು ಒಲೆಯ ಮಗ್ಗುಲಲ್ಲಿ ಕುಳಿತಿದ್ದ. ಎರಡೂ ಊರಿನ ನೆಲ ಅವನ ಕಾಲಿಗೆ ತಾಗಲಿಲ್ಲ. ಹಡಗಿನ ದುಂಡು ಕಿಟಕಿಯಿಂದ, ಕೆಳಗೆ ದೋಣಿಯಲ್ಲಿ ಹಣ್ಣು ಮಾರುವ ಹೆಂಗಸರ ಸಯಾಮಿ ಕೇಳಿಸಿತ್ತು. ಸರಕು ಇಳಿಸುವ ಧಕ್ಕೆಯ ಕೂಲಿಗಳು ಜಗಳಾಡುವ ಗುರ್ಜಿ ಕೇಳಿಸಿತ್ತು. ಧಾಟಿ ಕಿವಿಯಲ್ಲಿ ಉಳಿಯಿತು, ಖಲಾಶಿಗಳು ಹೇಳಿಕೊಟ್ಟ ಒಂದೆರಡು ಶಬ್ದ ಬಿಟ್ಟರೆ ಅರ್ಥ ಅಲ್ಲಿಯೇ ಉಳಿಯಿತು. ಒಂದೇ ಪ್ರಯಾಣಕ್ಕೆ ಸಮುದ್ರ ಸಾಕಾಗಿ ಊರಿಗೆ ಬಂದು ಬಸಳೆ, ಹರಿವೆ ಬೆಳೆಯತೊಡಗಿದ.

ಈ ಗುಟ್ಟು ತಿಳಿದಿದ್ದವಳು ಅವನ ಹೆಂಡತಿ ನೀಲಾ ಒಬ್ಬಳೇ. ಚಾದಂಗಡಿಯಲ್ಲಿ ಯಾರಾದರೂ ಕೆದಕಿ ಕೇಳುವ ಹೊತ್ತಿಗೆ ಸರಿಯಾಗಿ, "ದನ ಗದ್ದೆಗೆ ಬಿದ್ದದೆ, ಬನ್ನಿ" ಎಂದು ದಾರಿಯಿಂದಲೇ ಕೂಗಿ ಅವನನ್ನು ಬಿಡಿಸಿಕೊಂಡು ಹೋಗುತ್ತಿದ್ದಳು. ಅವಳ ಮನೆಯಲ್ಲಿ ದನವೇ ಇರಲಿಲ್ಲ. ಹೋದ ಕಾರ್ತಿಕದಲ್ಲಿ ಭಗವಂತ ಅವಳನ್ನು ಕರೆದುಕೊಂಡ. ಕರೆಯುವ ಧ್ವನಿ ಇಲ್ಲದ ಮೇಲೆ ದುರ್ಗ ಅಂಗಡಿಯ ಬೆಂಚಿನ ಮೇಲೆ ಹೊತ್ತು ಮೀರಿ ಕೂರತೊಡಗಿದ. ಹೊತ್ತು ಮೀರಿ ಕೂತವನು ಮಿತಿ ಮೀರಿ ಮಾತಾಡಿದ.

ನೀಲಾ ಹೋಗುವ ಮೊದಲು ಒಂದು ಕೆಲಸವನ್ನು ಅರ್ಧ ಮುಗಿಸಿ ಹೋಗಿದ್ದಳು. ಮಗಳು ಕಮಲಿಗೆ ತೆಂಗಿನಗುಂಡಿಯ ಮಂಜನ ಮಗ ಮಾಬ್ಲನನ್ನು ನೋಡಿ, ಮಾತಾಡಿ, "ಇದೊಂದು ಮಾಡ್ಸಿ, ಬೇರೆಂತದೂ ಬೇಡ" ಎಂದು ಗಂಡನ ಕೈ ಹಿಡಿದು ಹೇಳಿದ್ದಳು. ಮಾಬ್ಲ ಸಮುದ್ರಕ್ಕೆ ಹೋಗುವ ಗಟ್ಟಿ ಹುಡುಗ. ಕಮಲಿಗೂ ಮನಸ್ಸಿತ್ತು. ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡುವುದೊಂದೇ ಬಾಕಿ. ಆದರೆ ಸಯಾಮಿ ಗುರ್ಜಿಯ ಸುದ್ದಿ ತೆಂಗಿನಗುಂಡಿಗೂ ಹೋಯಿತು. ಮಂಜ ಕಡಿಮೆ ಮಾತಿನ ಮನುಷ್ಯ. ಅವನು ಹೇಳಿ ಕಳಿಸಿದ:

"ನನ್ನ ಹೆಂಡ್ತಿಯ ತಮ್ಮ ಹಮ್ಮ ಮುಂಬಯಿಯಲ್ಲಿ ಹಡಗಿನ ಸಾರಂಗ. ಅವ ಕಾಣದ ಬಂದರ ಇಲ್ಲ. ಅವ ರಜೆ ಮೇಲೆ ಬಂದು ಹೌದು ಅಂದ್ರೆ ವೀಳ್ಯ. ತಾನು ಎಲ್ಲಿಗೆ ಹೋಗಿದ್ದೆ ಅಂತ ಸುಳ್ಳು ಹೇಳುವವ ನಾಳೆ ಮಗಳ ವಿಷಯದಲ್ಲೂ ಸುಳ್ಳು ಹೇಳ್ಬೋದಲ್ಲ?"

ಸಾರಂಗ ಎಂದರೆ ಖಲಾಶಿಗಳ ಮೇಸ್ತ್ರಿ. ಆ ಸಾರಂಗ ರಜೆಯ ಮೇಲೆ ಬಾರದಿರಲಿ ಎಂದು ದುರ್ಗ ಮುರುಡೇಶ್ವರನಿಗೆ ತೆಂಗಿನಕಾಯಿ ಹೇಳಿಕೊಂಡಿದ್ದ. ದೇವರು ಅದನ್ನು ಬಾರದೆ ಇರುವ ಹರಕೆ ಎಂದು ತಿಳಿದನೋ, ಬೇಗ ಬರುವ ಹರಕೆ ಎಂದು ತಿಳಿದನೋ!

ಒಂದು ಬೆಳಿಗ್ಗೆ ದುರ್ಗ ಬಸಳೆಗೆ ನೀರು ಹೊಯ್ಯುತ್ತಿದ್ದಾಗ ಬೀರ ಬೇಲಿಯ ಮೇಲಿಂದ ತಲೆ ತೂರಿಸಿದ. ಇಬ್ಬರ ಮನೆಗೂ ನಡುವೆ ಆ ಬೇಲಿ ಒಂದೇ. ಬೀರನ ತಲೆ ಬೇಲಿಯ ಆಚೆ ಇದ್ದದ್ದಕ್ಕಿಂತ ಈಚೆ ಇದ್ದದ್ದೇ ಹೆಚ್ಚು.

"ದುರ್ಗಣ್ಣಾ! ಸಾರಂಗ ಬಂದ್ನಡಾ! ನಿನ್ನೆ ಸಂಜೆ ಬಸ್ಸಿಗೆ ಇಳಿದ. ಇವತ್ತು ಮಧ್ಯಾಹ್ನ ಮಂಜಣ್ಣನ ಮನೇಲಿ ಎಲ್ಲರೂ ಸೇರೂದಂತೆ. ನೀ ಮಾತಾಡೂದು, ಅವ ಮಾತಾಡೂದು. ಊರಿಗೂರೇ ಬತ್ತದೆ!"

ದುರ್ಗನ ಕೈಯ ಕೊಡ ಜಾರಿ ಕಾಲ ಮೇಲೆ ಬಿತ್ತು.

"ನೀ ಮೊದ್ಲು ಗುರ್ಜಿಯಲ್ಲೇ ಸುರು ಮಾಡ್ಬೇಕು, ಆತಾ? ಸಯಾಮಿ ಪಕ್ಷದವ್ರ ಮುಖ ನೋಡ್ಬೇಕು ನಂಗೆ. ಎಲ್ಲಿ, ಒಂಚೂರು ಹೇಳು ಕೇಳ್ವ."

ದುರ್ಗನಿಗೆ ಒಂದು ಉಪಾಯ ಹೊಳೆಯಿತು. ಗಂಟಲಿಗೆ ಕೈ ಇಟ್ಟು, ಕಣ್ಣು ಅರಳಿಸಿ, ಬಾಯಿ ಆಡಿಸಿದ. ಸ್ವರ ಬಿಡಲಿಲ್ಲ. ಬೀರ ಕ್ಷಣ ಹೊತ್ತು ನೋಡಿ ಚೀರಿದ: "ಅಯ್ಯಯ್ಯೋ! ಗಂಟ್ಲು ಕಟ್ಟಿ ಹೋಗದೆ! ಏ ಲಕ್ಕಿ, ಬಾರೇ ಇಲ್ಲಿ! ದುರ್ಗಣ್ಣನ ಸ್ವರ ಹೋತು!"

ಬೀರನ ಹೆಂಡತಿ ಲಕ್ಕಿ ಸಯಾಮಿ ಪಕ್ಷದವಳು. ಅವರ ಮನೆಯಲ್ಲಿ ಒಂದೇ ಒಲೆ, ಪಕ್ಷ ಎರಡು. ಗಂಡ ಹೆಂಡತಿ ಇಬ್ಬರೂ ಬೇಲಿ ದಾಟಿ ಬಂದರು. ಅವರ ಹಿಂದೆ ಎರಡೂ ಬೆಂಚಿನ ಜನ ಬಂದರು. ಒಬ್ಬ ಗಂಟಲಿಗೆ ಬಿಸಿ ಉಪ್ಪಿನ ಗಂಟು ಒತ್ತಿದ. ಇನ್ನೊಬ್ಬ ತಲೆ ಹಿಂದಕ್ಕೆ ಬಾಗಿಸಿ ಒಳಗೆ ಬಗ್ಗಿ ನೋಡಿ, ಬಾವಿಯಲ್ಲಿ ಕೊಡ ಬಿದ್ದಿದೆಯೋ ಎಂಬಂತೆ ತಲೆಯಾಡಿಸಿದ.

"ಗುರ್ಜಿ ಮಾತಾಡಿ ಮಾತಾಡಿಯೇ ಇದಾದ್ದು. ಅಷ್ಟು ಕಲ್ಲು ನುಂಗಿದ್ರೆ ಗಂಟ್ಲು ಉಳೀತದಾ?" ಎಂದಳು ಲಕ್ಕಿ.

"ನಿನ್ನ ಸಯಾಮಿಯ ಏರಿಳಿತಕ್ಕೇ ನರ ಉಳುಕಿದ್ದು!" ಎಂದ ಬೀರ.

ಅಷ್ಟರಲ್ಲಿ ಲಕ್ಕಿ ಕಾಳುಮೆಣಸು ಕುದಿಸಿದ ಕಷಾಯ ತಂದಿದ್ದಳು. ಇಬ್ಬರು ದುರ್ಗನ ತೋಳು ಹಿಡಿದರು, ಬೀರ ಮೂಗು ಹಿಡಿದ, ಲಕ್ಕಿ ಹೊಯ್ದಳು. ಬೆಂಕಿ ಇಳಿದಂತೆ ಇಳಿಯಿತು ಅದು. ದುರ್ಗ ಅಂಗಳದಿಂದ ಒಂದು ಮೊಳ ಮೇಲೆ ಹಾರಿ, "ಆಆಯ್ಯ್ಯೂಊಕ್!" ಎಂದು ಹೆಬಳೆಯ ಕಾಗೆಗಳೆಲ್ಲ ಏಳುವ ಹಾಗೆ ಕೂಗಿದ.

"ಸ್ವರ ಬಂತು!" ಎಂದು ಜನ ಚಪ್ಪಾಳೆ ತಟ್ಟಿದರು.

"ಈಗ ಕೂಗಿದ್ದು ಸಯಾಮಿಯೋ ಗುರ್ಜಿಯೋ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅದರ ಮೇಲೆ ಅಂಗಳದಲ್ಲಿಯೇ ಹೊಸ ವಾದ ಎದ್ದಿತು. ರಾಗ ಇತ್ತು, ಆದ್ದರಿಂದ ಸಯಾಮಿ ಎಂದರು ಕೆಲವರು. ಕೊನೆಗೆ 'ಕ್' ಎಂದು ಗಂಟಲಿನಿಂದ ಬಂದದ್ದರಿಂದ ಗುರ್ಜಿ ಎಂದರು ಉಳಿದವರು.

ಕಮಲಿ ಬಾಗಿಲಲ್ಲಿ ನಿಂತಿದ್ದಳು. ಅವ್ವನ ಕೆಂಪು ಸೀರೆ ಉಟ್ಟಿದ್ದಳು. "ಅಪ್ಪಾ, ಹುಷಾರಾದ್ರಿ ಅಲ್ದಾ? ಇವತ್ತು ಒಂದು ದಿನ ಚಂದ ಮಾತಾಡಿ ಬನ್ನಿ. ಮತ್ತೆ ನಾ ಎಂತದೂ ಕೇಳೂದಿಲ್ಲ" ಎಂದಳು. ದುರ್ಗನಿಗೆ ಕಷಾಯಕ್ಕಿಂತ ಆ ಮಾತೇ ಹೆಚ್ಚು ಉರಿಯಿತು. ಒಳಗೆ ಹೋದ, ಹೊರಗೆ ಬಂದ, ಬಾವಿಕಟ್ಟೆಗೆ ಹೋದ, ಅಲ್ಲಿಂದ ಕೊಟ್ಟಿಗೆಯಿಲ್ಲದ ಹಿತ್ತಲಿಗೆ ಹೋದ. ಎಲ್ಲಿ ನಿಂತರೂ ಕಾಲು ನಿಲ್ಲಲಿಲ್ಲ. ಹೋದರೆ ಮರ್ಯಾದೆ ಹೋಗುತ್ತದೆ, ಹೋಗದಿದ್ದರೆ ಸಂಬಂಧ ಹೋಗುತ್ತದೆ. ಕೊನೆಗೆ, "ವೀಳ್ಯದೆಲೆ ತಕಂಡು ನೆಟ್ಟಗೆ ಅಲ್ಲಿಗೇ ಬತ್ತೆ, ನೀವು ಮುಂದೆ ಹೋಗಿ" ಎಂದು ಬೀರನಿಗೆ ಹೇಳಿ ಗದ್ದೆಯ ಅಂಚು ಹಿಡಿದು ಓಡಿದ. ಎಲೆ ಸಿಗುವುದು ಭಟ್ಕಳದ ಪೇಟೆಯಲ್ಲಿ. ಅವನ ಕಾಲು ಹೋದದ್ದು ಸಮುದ್ರದ ಕಡೆಗೆ.

ದಂಡೆಯ ಮೇಲೆ ಒಂದು ದೊಡ್ಡ ದೋಣಿಯನ್ನು ಮಗುಚಿ ಹಾಕಿದ್ದರು. ತಳಕ್ಕೆ ಮೀನೆಣ್ಣೆ ಬಳಿದು ಒಣಗಲು ಬಿಟ್ಟಿದ್ದರು. ಬದಿಗೆ ದಿಮ್ಮಿ ಕೊಟ್ಟಿದ್ದರಿಂದ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಇತ್ತು. ಸಂಜೆಯವರೆಗೆ ಇಲ್ಲಿಯೇ ಇದ್ದು, ಆಮೇಲೆ ದಾರಿಯಲ್ಲಿ ತಲೆ ತಿರುಗಿ ಬಿದ್ದೆ ಎಂದರಾಯಿತು ಎಂದು ದುರ್ಗ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ತಲೆಗೆ, ಬೆನ್ನಿಗೆ ಎಣ್ಣೆ ಮೆತ್ತಿಕೊಂಡಿತು.

"ಯಾರದು? ಕಾಲು ತುಳೀಬೇಡ," ಎಂದಿತು ಕತ್ತಲೆ.

ದುರ್ಗನ ಜೀವ ಹಾರಿತು. ಕಣ್ಣು ಹೊಂದಿದ ಮೇಲೆ ಕಂಡದ್ದು, ಮುಂಡಾಸಿನಿಂದ ಮುಖ ಸುತ್ತಿಕೊಂಡು ಮಂಡಿ ಮಡಿಸಿ ಕುಳಿತ ಒಬ್ಬ ದಪ್ಪ ಮನುಷ್ಯ. ಅವನಿಗೂ ಮೈಯೆಲ್ಲ ಎಣ್ಣೆ.

"ನಾನು ಸುಮ್ನೆ... ಬಿಸಿಲು ಅಂತ," ಎಂದ ದುರ್ಗ.

"ನಾನೂ ಬಿಸಿಲು ಅಂತಲೇ," ಎಂದ ಆ ಮನುಷ್ಯ.

ಸ್ವಲ್ಪ ಹೊತ್ತು ಇಬ್ಬರೂ ಬಿಸಿಲಿಗೆ ಬೈದರು. ಆಮೇಲೆ ಆ ಮನುಷ್ಯ ಎಲೆಯಡಿಕೆ ಚೀಲ ಬಿಚ್ಚಿ ದುರ್ಗನಿಗೂ ಕೊಟ್ಟ. ಒಂದೇ ಚೀಲದ ಎಲೆಯಡಿಕೆ ಹಾಕಿದ ಮೇಲೆ ಮನುಷ್ಯನ ಬಾಯಿ ತನ್ನಷ್ಟಕ್ಕೇ ಬಿಚ್ಚುತ್ತದೆ.

"ಎಂತ ಹೇಳೂದು ಮಾರಾಯಾ, ಒಬ್ಬ ದುಷ್ಟನಿಂದ ತಪ್ಸಿಕೊಂಡು ಕೂತಿದ್ದೆ. ಎಲ್ಲರ ಎದ್ರಿಗೆ ನನ್ನ ಮಾನ ತೆಗೀತ ಇವತ್ತು," ಎಂದ ಅವನು.

"ನನ್ನದೂ ಅದೇ ಕತೆ," ಎಂದ ದುರ್ಗ, ಕಣ್ಣು ಒದ್ದೆ ಮಾಡಿಕೊಂಡು. "ಒಬ್ಬ ಪಾಪಿ ದೂರದಿಂದ ಬಂದು ಕೂತಿದ್ದಾನೆ. ನನ್ನ ಮಗಳ ಸಂಬಂಧ ಮುರಿಯೂಕೇ ಬಂದವ."

"ಇಂಥವ್ರಿಗೆ ದೇವ್ರು ಎಂತಕೆ ಆಯುಷ್ಯ ಕೊಡ್ತಾನೋ!"

"ಹೊಟ್ಟೆಗೆ ಅನ್ನ ತಿಂಬವ್ರು ಮಾಡುವ ಕೆಲ್ಸವಾ ಇದು?"

ಇಬ್ಬರೂ ಆ ಇಬ್ಬರು ದುಷ್ಟರನ್ನು ಮನಸಾರೆ ಶಪಿಸಿದರು. ಒಬ್ಬನ ಶಾಪ ಸಾಲದೆ ಬಂದಲ್ಲಿ ಇನ್ನೊಬ್ಬ ತನ್ನದನ್ನು ಸೇರಿಸಿ ಕೊಟ್ಟ. ಹೀಗೆ ಸ್ನೇಹ ಬೆಳೆದು, ದುರ್ಗ ಕೇಳಿದ: "ಅಂದ ಹಾಗೆ ನಿಮ್ಮ ದುಷ್ಟ ಯಾರು?"

"ಹೆಬಳೆಯ ದುರ್ಗ ಅಂತೆ. ಎಂತದೋ ಸಯಾಮಿ, ಗುರ್ಜಿ ಮಾತಾಡ್ತಾನಂತೆ. ನಾನು ಮುಂಬಯಿಯ ಸಾರಂಗ ಹೌದು. ಆದ್ರೆ ಹಡಗಿಂದಲ್ಲ ಮಾರಾಯಾ! ಭಾವುಚಾ ಧಕ್ಕೆಯಿಂದ ಆಚೆ ದಂಡೆಯ ರೇವಸಿಗೆ ಜನ ದಾಟಿಸುವ ಲಾಂಚು ನಂದು. ಬೆಳಿಗ್ಗೆ ಹೋಗೂದು, ಊಟಕ್ಕೆ ಬರೂದು. ಊರಿಗೆ ಬಂದಾಗ ಅಕ್ಕನ ಮನೆಯವ್ರ ಎದ್ರಿಗೆ ಜಪಾನು, ರಷ್ಯ ಅಂತ ನಾಲ್ಕು ಮಾತು ಹೇಳಿದ್ದೆ. ಯಾರು ಪರೀಕ್ಷೆ ಮಾಡೂಕೆ ಬತ್ತಾರೆ ಅಂತ. ಈಗ ಈ ದುರ್ಗ ಬಂದ ನೋಡು!"

ದುರ್ಗ ಬಾಯಲ್ಲಿದ್ದ ಎಲೆಯಡಿಕೆಯನ್ನು ಸಂದಿನಿಂದ ಹೊರಗೆ ಉಗುಳಿದ.

"ಸಾರಂಗ್ರೆ, ಆ ಪಾಪಿ ದುರ್ಗ ನಾನೇ," ಎಂದ ದುರ್ಗ.

ಹಮ್ಮ ಏಳಲು ಹೋಗಿ ದೋಣಿಯ ಅಡ್ಡಹಲಗೆಗೆ ತಲೆ ಹೊಡೆದುಕೊಂಡ. ದುರ್ಗ ಅವನ ಕೈ ಹಿಡಿದು ಕೂರಿಸಿ ತನ್ನ ಈರುಳ್ಳಿಯ ಕತೆ ಹೇಳಿದ. ಅದು ಮುಗಿಯುವ ಹೊತ್ತಿಗೆ ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಒರಗಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಗು ನಿಂತ ಮೇಲೆ ಪಾಠ ಸುರುವಾಯಿತು.

"ನೋಡಿ ಸಾರಂಗ್ರೆ, ನಾನು ಸಯಾಮಿಯಲ್ಲಿ ಕೇಳ್ತೆ, ನೀವು ಗುರ್ಜಿಯಲ್ಲಿ ಉತ್ರ ಕೊಡಿ. ಆಮೇಲೆ ಅದಲು ಬದಲು. ಸಯಾಮಿಗೆ ಸ್ವರ ಏರಿಸ್ಬೇಕು, ಇಳಿಸ್ಬೇಕು. ಶಬ್ದದ ಬಾಲ ಕಚ್ಚಬಾರ್ದು, ಗಾಳಿಯಲ್ಲಿ ಬಿಟ್ಟುಬಿಡ್ಬೇಕು. ಹೀಗೆ: ಪಾಂ ನಾಽಽ ಲೋಯ್, ಖೂಽನ್ ಮೈಽ ಸಾ..."

ಅದರ ರಾಗ ನೀಲಾ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಹಾಡಿನದು. ದುರ್ಗನಿಗೆ ಸಯಾಮಿ ಎಂದರೆ ಯಾವಾಗಲೂ ಆ ರಾಗವೇ ಬಾಯಿಗೆ ಬರುತ್ತಿತ್ತು. ಅವನು ಅರ್ಧಕ್ಕೇ ನಿಲ್ಲಿಸಿ ಮುಖ ಒರೆಸಿಕೊಂಡ.

"ಚಂದ ಉಂಟು. ಎಂತಕೆ ನಿಲ್ಸಿದ್ರಿ?" ಎಂದ ಹಮ್ಮ.

"ಎಂತದೂ ಇಲ್ಲ. ಈಗ ಗುರ್ಜಿ. ಇದ್ಕೆ ಏರಿಳಿತ ಇಲ್ಲ. ಬಾಯೊಳಗೆ ಬೆಣಚುಕಲ್ಲು ಇಟ್ಟು ಅದು ಗಂಟ್ಲಿಗೆ ಸಿಕ್ಕಿಬಿತ್ತು ಅಂತ ತಿಳ್ಕೊಳ್ಳಿ: ಗ್ವರ್ತ್ಕ್ ಖ್ಬ್ರ್ಜಾ ಮ್ಕ್ವೇಲಿ ತ್ಸ್ಕಾ!"

ಹಮ್ಮನ ಮೊದಲ ಗುರ್ಜಿ ಬೆಕ್ಕಿಗೆ ಮುಳ್ಳು ಸಿಕ್ಕಿದಂತೆ ಬಂತು. ಎರಡನೆಯದು ಪರವಾಗಿಲ್ಲ ಎನ್ನಿಸಿತು. ಅವನು ಲಾಂಚಿನ ಮೇಲೆ ದಿನವೂ ಅದೇ ದಾರಿ, ಅದೇ ಕೂಗು, ಅದೇ ಹಗ್ಗ ಎಂದು ಬದುಕಿದವನು. ಒಮ್ಮೆ ಹಿಡಿದದ್ದನ್ನು ಬದಲಿಸುವುದು ಅವನ ಸ್ವಭಾವದಲ್ಲಿಯೇ ಇರಲಿಲ್ಲ. ಪುಟ್ಟ ಮಗು ಮಗ್ಗಿ ಹೇಳುವಂತೆ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡ. ದುರ್ಗ ಮಾತ್ರ, "ನಂಗೆ ಬಾಯಿಪಾಠ ಎಂತಕೆ? ನೀರಿನ ಊಟೆ ಒಡೆದ ಹಾಂಗೆ ಬತ್ತದೆ" ಎಂದು ಪ್ರತಿ ಸಲವೂ ಹೊಸದನ್ನೇ ಹೇಳಿದ.

ಅತ್ತ ಮಂಜನ ಮನೆಯಲ್ಲಿ ಜನ ಸೇರಿತ್ತು. ಪರೀಕ್ಷೆ ಕೊಡುವವನೂ ಇಲ್ಲ, ತೆಗೆದುಕೊಳ್ಳುವವನೂ ಇಲ್ಲ! ಬೀರ ಹುಡುಕಲು ಹೊರಟು ದಂಡೆಗೆ ಬಂದ. ಮಗುಚಿದ ದೋಣಿಯ ಒಳಗಿನಿಂದ ಸಯಾಮಿ ಕೇಳಿಸಿತು, ಹಿಂದೆಯೇ ಗುರ್ಜಿ ಕೇಳಿಸಿತು. ಅವನು ಅಲ್ಲಿಂದಲೇ ಕೈ ಬೀಸಿ ಕೂಗಿದ:

"ಬನ್ನಿ! ಎಲ್ಲ ಬನ್ನಿ! ನಮ್ಮನ್ನ ಬಿಟ್ಟು ಇಲ್ಲೇ ಸುರು ಮಾಡಿದ್ದಾರೆ!"

ಮಾಬ್ಲ ಮತ್ತು ಅವನ ಗೆಳೆಯರು ಬಂದು "ಐಸಾ" ಎಂದು ದೋಣಿ ಎತ್ತಿದರು. ಕೆಳಗೆ ಮಂಡಿ ಮಡಿಸಿ, ಮೀನೆಣ್ಣೆಯಲ್ಲಿ ಮಿಂದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡ ಇಬ್ಬರೂ ಬಿಸಿಲಿಗೆ ಕಣ್ಣು ಪಿಳಿಪಿಳಿ ಮಾಡಿದರು.

ಹಮ್ಮನಿಗೆ ಬೇಗ ಬುದ್ಧಿ ಓಡಿತು. "ಹಳೇ ಬಂದರದವ್ರು ಸಿಕ್ಕಿದ್ರೆ ಹೀಗೇ. ಹೊತ್ತು ಹೋದದ್ದು ತಿಳೀಲಿಲ್ಲ ಭಾವಾ," ಎಂದ ಮಂಜನಿಗೆ.

"ಮಾತಾಡೂಕೆ ಇಲ್ಲಿಗೆ ಎಂತಕೆ ಬಂದ್ರಿ?" ಎಂದ ಮಂಜ.

"ಗುರ್ಜಿ ಬಾಯಿಗೆ ಬರ್ಬೇಕಾದ್ರೆ ತಲೆ ಮೇಲೆ ಹಲಗೆ ಬೇಕು. ಹಡಗಿನಲ್ಲಿ ಕಲ್ತದ್ದಲ್ದಾ?" ಎಂದ ದುರ್ಗ. ಆ ಮಾತಿಗೆ ಬೀರ ಅಹುದಹುದೆಂದು ತಲೆದೂಗಿದ.

ಇಬ್ಬರನ್ನೂ ಮೆರವಣಿಗೆಯಲ್ಲಿ ಮಂಜನ ಅಂಗಳಕ್ಕೆ ಕರೆದುಕೊಂಡು ಹೋದರು. ವಾಸನೆಗೆ ಊರಿನ ಬೆಕ್ಕುಗಳೂ ಹಿಂದೆ ಬಂದವು. ಅಂಗಳದ ಒಂದು ಬದಿಗೆ ಸಯಾಮಿಯವರು, ಇನ್ನೊಂದು ಬದಿಗೆ ಗುರ್ಜಿಯವರು ಕುಳಿತರು. ಬಾಗಿಲ ಹಿಂದೆ ಹೆಂಗಸರ ನಡುವೆ ಕಮಲಿಯ ಕೆಂಪು ಸೀರೆಯ ಅಂಚು ಕಾಣುತ್ತಿತ್ತು. ದುರ್ಗ ಅದನ್ನು ನೋಡಿ, ನೀಲಾಳನ್ನು ನೆನೆದು, ಮುರುಡೇಶ್ವರನಿಗೆ ಕೈ ಮುಗಿದು ಸುರು ಮಾಡಿದ.

"ಪಾಂ ನಾಽಽ ಲೋಯ್, ಖೂಽನ್ ಮೈಽ ಸಾ, ರಾಽ ಕೋಯ್ ಲಾಽಽ..."

"ಗ್ವರ್ತ್ಕ್ ಖ್ಬ್ರ್ಜಾ ಮ್ಕ್ವೇಲಿ ತ್ಸ್ಕಾ!" ಎಂದ ಹಮ್ಮ, ಅಂಗಳ ಅದುರುವಂತೆ.

ಜನ ಕುಳಿತಲ್ಲಿಂದಲೇ ಮುಂದಕ್ಕೆ ಸರಿದರು. ದುರ್ಗ ಗುರ್ಜಿಗೆ ಹೊರಳಿದ, ಹಮ್ಮ ಸಯಾಮಿಗೆ ಹೊರಳಿದ. ಇಬ್ಬರೂ ನಕ್ಕರು, ತೊಡೆ ತಟ್ಟಿದರು, ಸತ್ತುಹೋದ ಯಾವನೋ ಕಪ್ತಾನನನ್ನು ನೆನೆದಂತೆ ನಿಟ್ಟುಸಿರು ಬಿಟ್ಟರು. ಲಕ್ಕಿಯ ಕಣ್ಣಲ್ಲಿ ನೀರು ಬಂತು. "ಎಂತಾ ರಾಗ ಮಾರಾಯ್ತಿ!" ಎಂದಳು. ಬೀರ, "ಎಂತಾ ಗಂಟ್ಲು!" ಎಂದ.

ಮಂಜ ಹಮ್ಮನ ಮುಖ ನೋಡಿದ. "ಹೆಂಗೆ?"

"ಪಕ್ಕಾ," ಎಂದ ಹಮ್ಮ. "ಎರಡೂ ಪಕ್ಕಾ."

"ಆತು. ಹಂಗಾದ್ರೆ ವೀಳ್ಯ ತನ್ನಿ," ಎಂದ ಮಂಜ. ದುರ್ಗನ ಎದೆಯಿಂದ ದೋಣಿಯೊಂದು ಇಳಿದಂತಾಯಿತು. ಎಲೆ ತರಲು ತಾನೇ ಹೋಗಿದ್ದೆ, ತರಲಿಲ್ಲ ಎಂಬುದು ಆಗ ನೆನಪಾಯಿತು. ಅಷ್ಟರಲ್ಲಿ ಯಾರೋ ಮನೆಯದೇ ಹರಿವಾಣ ತಂದಿಟ್ಟರು.

"ತಡಿರಿ," ಎಂದಿತು ಜಗಲಿಯ ಮೂಲೆಯಿಂದ ಒಂದು ತೆಳ್ಳನೆಯ ಧ್ವನಿ.

ಅದು ಮಂಜನ ತಾಯಿ ಹೊನ್ನಮ್ಮ. ಕಣ್ಣು ಮಂಜಾದ ಮುದುಕಿ. ಆದರೆ ಆ ದಂಡೆಯ ಮದುವೆಯ ಹಾಡು, ನೆಟ್ಟಿಯ ಹಾಡು, ಹಬ್ಬದ ಹಾಡು ಎಲ್ಲ ಅವಳ ಬಾಯಲ್ಲಿ. ಒಂದು ಸಲ ಕಿವಿಗೆ ಬಿದ್ದ ಹಾಡನ್ನು ಅವಳು ಮರೆತದ್ದಿಲ್ಲ, ಒಂದು ಸೊಲ್ಲು ಅತ್ತಿತ್ತ ಮಾಡಿದ್ದಿಲ್ಲ. ಹಾಡುವಾಗ ಬೇರೆಯವರು ತಪ್ಪಿದರೆ ಮದುವೆಯನ್ನೇ ನಿಲ್ಲಿಸಿ ಮೊದಲಿನಿಂದ ಹೇಳಿಸುವವಳು. ಸೊಲ್ಲು ತಪ್ಪಿದ ಹಾಡಿನ ಮೇಲೆ ಮಾಡಿದ ಶುಭಕಾರ್ಯ ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ಆ ಮನೆಯಲ್ಲಿ ಅವಳ ಮಾತು ಮೀರಿದವರಿಲ್ಲ.

"ಚಂದ ಆತು ತಮಾ. ಇನ್ನೊಂದ್ಸಲ ಹೇಳಿ. ಮದುವೆಯಲ್ಲಿ ಹೇಳೂಕೆ ನಂಗೂ ಆತದೆ."

ದುರ್ಗ ಉತ್ಸಾಹದಿಂದ ಹೇಳಿದ: "ಪಾಂ ಲಾಽಽ ನೋಯ್, ಮೈಽ ಖೂಽ ರಾಽ..."

"ಗ್ವರ್ತ್ಕ್ ಖ್ಬ್ರ್ಜಾ ಮ್ಕ್ವೇಲಿ ತ್ಸ್ಕಾ!" ಎಂದ ಹಮ್ಮ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

ಮುದುಕಿ ಕಣ್ಣು ಮುಚ್ಚಿದಳು. "ಮತ್ತೊಂದ್ಸಲ."

ದುರ್ಗ ತಡಕಾಡಿದ. ಮೊದಲು ಹೇಳಿದ್ದು ಏನು? ನೆನಪಿಸಿಕೊಳ್ಳಲು ಹೋದಷ್ಟೂ ಬೇರೆಯದೇ ಬಾಯಿಗೆ ಬಂತು. "ಪೋಯ್ ನಾಽ... ಸಾಽ ಮೈ... ಲೋಽಽಯ್..."

"ಗ್ವರ್ತ್ಕ್ ಖ್ಬ್ರ್ಜಾ ಮ್ಕ್ವೇಲಿ ತ್ಸ್ಕಾ!"

ಹೊನ್ನಮ್ಮ ಕಣ್ಣು ತೆರೆದಳು. "ಹಮ್ಮ ಮೂರು ಸಲ ಹೇಳಿದ, ಮೂರೂ ಒಂದೇ. ನೀ ಮೂರು ಸಲ ಹೇಳಿದೆ, ಮೂರು ತರ. ನೀ ಮೊದ್ಲು ಹೇಳಿದ್ದು ಹೀಗೆ, ಕೇಳು." ಎಂದು ಅವಳು, ಹಲ್ಲಿಲ್ಲದ ಬಾಯಲ್ಲಿ, ದುರ್ಗನ ಮೊದಲ ಸಯಾಮಿಯನ್ನು ಏರು ಇಳಿವು ಸಹಿತ ಹಾಡಿ ತೋರಿಸಿದಳು. ಅದರ ಹಿಂದೆ ಅವನ ಗುರ್ಜಿಯನ್ನೂ ಒಂದು ಕಲ್ಲು ಬಿಡದೆ ಹೇಳಿದಳು. ಎರಡೂ ಪಕ್ಷದವರು ಮೊದಲ ಬಾರಿಗೆ ಒಂದಾಗಿ ದುರ್ಗನ ಕಡೆ ನೋಡಿದರು.

"ಸುಳ್ಳುಗಾರ ಅಂತೀಯಾ ಅಬ್ಬೆ?" ಎಂದ ಮಂಜ, ಹರಿವಾಣ ಹಿಂದಕ್ಕೆ ಎಳೆಯುತ್ತ.

"ಛೆ, ಸುಳ್ಳುಗಾರ ಅಲ್ಲ. ಮರ್ತವ. ಹೆಂಡ್ತಿ ಹೋದವ್ನಿಗೆ ಮರವು ಬತ್ತದೆ. ಮರ್ತದ್ದು ಕಲೀಬೋದು. ಹುಡುಗಿ ನಂಗೆ ಒಪ್ಪಿಗೆ. ಇವ ಒಂದು ಸೊಲ್ಲು ತಪ್ಪದೆ ಎರಡೂ ಹೇಳುವ ದಿನ ವೀಳ್ಯ. ಅಲ್ಲಿವರೆಗೆ ಇಲ್ಲ. ಹಮ್ಮಾ, ನೀ ರಜೆ ಮುಗಿಯೂದ್ರೊಳಗೆ ಇವ್ನಿಗೆ ಕಲ್ಸ್ಬೇಕು."

"ಆಗಲಿ ಅತ್ತೆ," ಎಂದ ಹಮ್ಮ.

ದುರ್ಗ ಹಮ್ಮನ ಕಡೆ ನೋಡಿದ. ದೋಣಿಯಡಿಯಲ್ಲಿ ಭುಜಕ್ಕೆ ಒರಗಿ ನಕ್ಕ ಮನುಷ್ಯ ಅಲ್ಲಿರಲಿಲ್ಲ. ಇವನ ಎದೆ ಮುಂದೆ ಬಂದಿತ್ತು, ಗದ್ದ ಮೇಲೆ ಹೋಗಿತ್ತು, ಕಣ್ಣಿನಲ್ಲಿ ಏಳು ಸಮುದ್ರ ದಾಟಿದವನ ಆಯಾಸ ತುಂಬಿತ್ತು. ನಿಜ ಹೇಳಿಬಿಡಲೇ ಎಂದು ದುರ್ಗನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಲಾಂಚೂ ಮುಳುಗುತ್ತದೆ, ತಾನೂ ಮುಳುಗುತ್ತೇನೆ, ಕಮಲಿಯ ಮದುವೆಯೂ ಮುಳುಗುತ್ತದೆ. ನಾಲಿಗೆಯನ್ನು ಒಳಗೆ ಎಳೆದುಕೊಂಡ.

ಬೀರ ತಾನೇ ಓಡಿಹೋಗಿ ಚಾಪೆ ತಂದು ಹಾಸಿದ. ಹಮ್ಮ ಚಕ್ಕಳಮಕ್ಕಳ ಹಾಕಿ ಕುಳಿತ. ದುರ್ಗ ಎದುರಿಗೆ ಕೈಕಟ್ಟಿ ಕುಳಿತ. ಬಾಗಿಲ ಮರೆಯಿಂದ ಕಮಲಿ ಕಳವಳದಿಂದ ಪಿಸುಗುಟ್ಟಿದಳು: "ಅಪ್ಪಾ, 'ಗ್ವರ್ತ್ಕ್' ಮೊದ್ಲು, 'ಖ್ಬ್ರ್ಜಾ' ಆಮೇಲೆ!"

ದುರ್ಗ ದೇವರನ್ನು ನೆನೆದು ಹೇಳಿದ. ಹಮ್ಮ ಕಣ್ಣು ಮುಚ್ಚಿ ಕೇಳಿ, ನಿಧಾನವಾಗಿ ತಲೆಯಾಡಿಸಿ, ಊರಿಗೆಲ್ಲ ಕೇಳುವಂತೆ ಅಂದ:

"ಸಯಾಮಿ ಅಡ್ಡಿಲ್ಲ ಬೀಗ್ರೆ, ತಿದ್ದಬೋದು. ಗುರ್ಜಿ ಮಾತ್ರ ನಿಮ್ಗೆ ಯಾರೋ ತಪ್ಪು ಕಲ್ಸಿದ್ದಾರೆ."